ಸಕ್ಕರೆ ತುಂಬಿದ ಡಬ್ಬಿ

ಜರ್ಮನಿಯಲ್ಲಿ ಈಗ ಇ-ಇನ್‌ವಾಯ್ಸ್ ಇಲ್ಲದೆ ಒಂದು ನಿಂಬೆಹಣ್ಣೂ ಹೊಸ್ತಿಲು ದಾಟುವುದಿಲ್ಲ. ಬಾಗಿಲ ಮೇಲಿನ ಪರದೆಯಲ್ಲಿ ಕೊಡುವವರು, ಪಡೆಯುವವರು, ವಸ್ತು, ಬೆಲೆ, ಎಲ್ಲ ಕಾಲಂ ತುಂಬಿದರೆ ಮಾತ್ರ ಬಾಗಿಲು ತೆರೆಯುತ್ತದೆ. ನನಗದು ಚಿಲಕ ತೆಗೆದಷ್ಟೇ ಸಹಜವಾಗಿಬಿಟ್ಟಿದೆ.

ಪಕ್ಕದ ಮನೆಯ ವೀಬ್ಕೆ ಅವತ್ತು ಊರನ್ನೇ ಬಿಟ್ಟು ಹೊರಟಿದ್ದರು. ಅವರು ಸೂಪು ಕಳಿಸಿದ್ದ ಡಬ್ಬಿ ಇನ್ನೂ ನಮ್ಮಲ್ಲೇ ಇತ್ತು. ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ ಅದನ್ನು ತೊಳೆದು, ಒರೆಸಿ, ಸಕ್ಕರೆ ತುಂಬಿ ನನ್ನ ಕೈಗಿಟ್ಟರು.

ಬಾಗಿಲು ಅಲುಗಲಿಲ್ಲ. ಡಬ್ಬಿಗೆ ಇನ್‌ವಾಯ್ಸ್ ಇತ್ತು, ಸಕ್ಕರೆಗೆ ಇರಲಿಲ್ಲ. ಬೆಲೆ ಸೊನ್ನೆ ಎಂದು ತುಂಬಿದೆ. ಸೊನ್ನೆ ಯಾಕೆ, ಕಾರಣ ಆರಿಸಿ ಎಂದಿತು ಪರದೆ. ಕೆಳಗೆ ವೀಬ್ಕೆಯವರ ಗಾಡಿ ಬಂದು ನಿಂತಿತ್ತು.

“ಸಕ್ಕರಿ ತಗದು ಬರೇ ಡಬ್ಬಿ ಕೊಡೋಣೇನ್ರಿ ಅತ್ತಿ?” ಎಂದೆ.

“ಖಾಲಿ ಡಬ್ಬಿ ಯಾರರೆ ವಾಪಸ್ ಕೊಡ್ತಾರೇನವಾ!”

ಕಾರಣಗಳನ್ನು ಒಂದೊಂದಾಗಿ ಸರಿಸಿದೆ. ಮಾದರಿ, ದೇಣಿಗೆ, ಬದಲಿ ಸರಕು. ಯಾವುದೂ ಒಪ್ಪಲಿಲ್ಲ. ಕಟ್ಟಕಡೆಗೆ ಇತ್ತು: ‘ಪಾತ್ರೆ ಬರಿದಾಗಿ ಮರಳಬಾರದೆಂದು.’ ಒತ್ತಿದೆ. ಬಾಗಿಲು ತೆರೆಯಿತು.

ಓದಿ ಹೇಳಿದಾಗ ಅತ್ತೆ ಬಾಗಿಲಿಗೇ ಕೈಮುಗಿದರು.

“ಇದನ್ನ ಮಾಡಿದ ಆಫೀಸಿನ್ಯಾಗ ಯಾರದೋ ಅತ್ತಿ ಕುಂತಾಳ ನೋಡವಾ.”