ಇನ್ನೂರ ಏಳನೇ ರೂಮಿನ ಬೆಣ್ಣೆ ದೋಸೆ

ದಾವಣಗೆರೆಯ ಒಂದು ಹೋಟೆಲ್. ರೂಮ್ ಸರ್ವಿಸ್‌ನ ಹಾಲೇಶಪ್ಪನಿಗೆ ಅಲ್ಲಿ ಹದಿನೆಂಟು ವರ್ಷದ ಸರ್ವಿಸ್... ಅಷ್ಟೂ ವರ್ಷ ಅವನ ಮೇಲೆ ಒಂದೇ ದೂರು. "ಈ ಮನುಷ್ಯ ಬಾಳ ಮಾತಾಡ್ತಾನೆ!"

ಹೊಸ ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. "ಗೆಸ್ಟ್‌ಗಳನ್ನ ಏನೂ ಕೇಳಂಗಿಲ್ಲ. ಟ್ರೇ ಇಡು, ಬಾ. ಇನ್ನೊಂದು ಕಂಪ್ಲೇಂಟ್ ಬಂತೋ, ಅವತ್ತೇ ಮನೆಗೆ."

ಐವತ್ತೆರಡರ ವಯಸ್ಸಲ್ಲಿ ಬೇರೆ ಕೆಲಸ ಯಾರು ಕೊಟ್ಟಾರು? ಹಾಲೇಶಪ್ಪ ಬಾಯಿಗೆ ಬೀಗ ಹಾಕಿಕೊಂಡ.

ಆ ವಾರ 207ಕ್ಕೆ ಗುರುಪಾದಪ್ಪ ಎಂಬ ದೊಡ್ಡ ಉದ್ಯಮಿ ಬಂದರು. ಬೆಳಿಗ್ಗೆ ಬೆಣ್ಣೆ ದೋಸೆಗೆ ಆರ್ಡರ್. ಟ್ರೇ ವಾಪಸ್ ಬಂದಾಗ ಪಲ್ಯ ಖಾಲಿ... ದೋಸೆ ಹಾಗೇ ಇತ್ತು.

ಎರಡನೇ ದಿನವೂ ಅಷ್ಟೇ. ಅಲ್ಲಾ, ದಾವಣಗೆರೆಗೆ ಬಂದು ಬೆಣ್ಣೆ ದೋಸೆ ಬಿಡುವವರುಂಟೇ!

ಹಾಲೇಶಪ್ಪ ತಟ್ಟೆ ನೋಡಿದ. ಚಮಚ ಎಡಗಡೆ ಇತ್ತು. ಸ್ಲಿಪ್ಪಿನ ಮೇಲಿನ ಸಹಿ ಸೊಟ್ಟಂಬಟ್ಟ. ಸಾಹೇಬರ ಬಲಗೈ ಎರಡು ದಿನದಿಂದ ಪ್ಯಾಂಟಿನ ಜೇಬು ಬಿಟ್ಟು ಹೊರಗೆ ಬಂದಿಲ್ಲ...

ಲಕ್ವ ಹೊಡೆದ ಅವನ ಅಣ್ಣನದೂ ಇದೇ ಪಾಡು. ಎಡಗೈಯಲ್ಲಿ ಮುರಿದು ತಿನ್ನಲು ಮನಸ್ಸು ಒಪ್ಪದು, ಚಮಚಕ್ಕೆ ದೋಸೆ ಬಗ್ಗದು.

ಕೇಳೋಣವೆಂದರೆ ಕೇಳುವ ಹಾಗಿಲ್ಲವಲ್ಲ!

ಮೂರನೇ ದಿನ ಅವನು ಕೈ ತೊಳೆದುಕೊಂಡು, ದೋಸೆಯನ್ನು ಸಣ್ಣ ತುತ್ತುಗಳಾಗಿ ಮುರಿದು, ಮೇಲೆ ಬೆಣ್ಣೆಯಿಟ್ಟು ಕೊಟ್ಟುಬಂದ.

ಹತ್ತೇ ನಿಮಿಷ. ಗುರುಪಾದಪ್ಪ ರಿಸೆಪ್ಷನ್‌ನಲ್ಲಿ ಕೆಂಡಾಮಂಡಲ! "ಯಾರ್ರೀ ನನ್ನ ದೋಸೆ ಮುಟ್ಟಿದ್ದು? ಮುರಿದುಕೊಡೋಕೆ ನಾನೇನು ಮಗುನಾ?"

"ಯಾಕೆ ಮುರಿದೆ? ಬಾಯಿ ಬಿಡು!" ಮ್ಯಾನೇಜರ್ ಹಾಲೇಶಪ್ಪನ ಮೇಲೆ ಹರಿಹಾಯ್ದರು.

ಸುತ್ತ ಗುರುಪಾದಪ್ಪನವರನ್ನು ಕಾಣಲು ಬಂದ ವ್ಯಾಪಾರಸ್ಥರು ನಿಂತಿದ್ದರು. ಒಂದೇ ಒಂದು ಮಾತು ಹೇಳಿದ್ದರೆ ಕೆಲಸ ಉಳಿಯುತ್ತಿತ್ತು...

ಹಾಲೇಶಪ್ಪ ಆ ಜೇಬಿನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿದ. "ತಪ್ಪಾತು ಸಾರ್. ನಂದೇ ತಪ್ಪು."

"ಯೂನಿಫಾರ್ಮ್ ಬಿಚ್ಚಿಟ್ಟು ನಡಿ."

ಅವನು ಎರಡು ಗುಂಡಿ ಬಿಚ್ಚಿದ್ದ, ಅಷ್ಟೇ.

"ತಡಿಯಪ್ಪಾ..." ಗುರುಪಾದಪ್ಪ ಮುಂದೆ ಬಂದರು. ಎಡಗೈಯಿಂದ ಬಲಗೈಯನ್ನು ಜೇಬಿನಿಂದ ಎತ್ತಿ ಕೌಂಟರ್ ಮೇಲೆ ಇಟ್ಟರು. ಬೆರಳುಗಳು ಅಲ್ಲಾಡಲಿಲ್ಲ.

"ಎಂಟು ತಿಂಗಳಿಂದ ಇದನ್ನ ಮುಚ್ಚಿಟ್ಟಿದ್ದೆ... ಇವನಿಗೆ ಗೊತ್ತಾಗೋಯ್ತಲ್ಲ ಅಂತ ಸಿಟ್ಟು ಬಂತು. ಅನ್ನ ಹೋಗೋ ಹೊತ್ತಲ್ಲೂ ಇವನು ನನ್ನ ಮರ್ಯಾದೆ ಕಾಪಾಡಿದ ಕಣ್ರೀ..." ಅವರ ಕಣ್ಣಲ್ಲಿ ನೀರು ತುಂಬಿತ್ತು.

ಮರುದಿನ 207ರಿಂದ ಫೋನ್ ಬರಲಿಲ್ಲ. ಗುರುಪಾದಪ್ಪ ಕೆಳಗೆ ಹಾಲ್‌ನಲ್ಲಿ, ಎಲ್ಲರ ನಡುವೆ ಕೂತಿದ್ದರು.

"ಹಾಲೇಶಪ್ಪಾ, ಒಂದು ಬೆಣ್ಣೆ ದೋಸೆ! ಇಲ್ಲೇ, ನನ್ನ ಮುಂದೇನೇ ಮುರಿದುಕೊಡು. ಹಾಂ... ನೀನು ಬಾಳ ಮಾತಾಡ್ತೀಯಂತಲ್ಲ, ಸುಮ್ಮನೆ ಅಲ್ಲ, ಮಾತಾಡ್ತಾ ಮುರಿ!"

ಇನ್ನೊಬ್ಬರ ಕಷ್ಟ ಕಣ್ಣಿಗೆ ಬಿದ್ದಾಗ ನಮ್ಮ ಕೈ ಮುಂದೆ ಬರಲಿ... ಬಾಯಿ ಅಲ್ಲ.

ನಿಮ್ಮ ಪಕ್ಕ ಊಟಕ್ಕೆ ಕೂತವರ ತಟ್ಟೆಯಲ್ಲಿ ಏನು ಉಳಿಯಿತು, ಯಾಕೆ ಉಳಿಯಿತು ಅಂತ ನೀವು ಕೊನೆಯ ಸಲ ನೋಡಿದ್ದು ಯಾವಾಗ?