ಹ್ಯಾಂಡಲ್ ಮೇಲಿನ ಮೂರು ರಿಂಗು

ಕೊಯ್ದ ಕಬ್ಬಿಣದ ಬಿಸಿ ವಾಸನೆ ಮೂಗಿಗೆ ತಾಗಿದರೆ ಈಗಲೂ ನನಗೆ ಫ್ಯಾಕ್ಟರಿಗಳ ಊರಾದ ರಾಂಜಣಗಾಂವದ ನಮ್ಮ ಬಾಡಿಗೆ ಖೋಲಿಯ ಹೊಸ್ತಿಲು ಕಾಣುತ್ತದೆ.

ಅವತ್ತು ಗುರುವಾರ, ಅವ್ವನ ಫ್ಯಾಕ್ಟರಿಗೆ ರಜೆ. ನನ್ನ ಸೈಕಲ್ಲಿನ ಮುಂದಿನ ಗಾಲಿ ಹಿಡಿಯುವ ಫೋರ್ಕ್ ಮುರಿದಿತ್ತು. ಅಪ್ಪ ತಂದ ಹೊಸ ಫೋರ್ಕಿನಲ್ಲಿ ಹ್ಯಾಂಡಲ್ ಕೂರುವ ಕೊಳವೆ ಅರ್ಧ ಗೇಣು ಹೆಚ್ಚು ಉದ್ದವಿತ್ತು. ಅವ್ವ ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕೊಳವೆಗೆ ಬಿಗಿಯಾಗಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ, ಅದರಗುಂಟ ಗೆರೆ ಎಳೆದಳು. ಅಪ್ಪ ಅದನ್ನು ಹೊಸ್ತಿಲಿಗೆ ಒತ್ತಿ ಹಿಡಿದ; ಅವ್ವ ಗರಗಸ ಆಡಿಸಿದಳು. ಬೆಳ್ಳಿಯಂಥ ಪುಡಿ ಅವಳ ಸೀರೆಯ ಮೇಲೆ ಉದುರುತ್ತಿತ್ತು. ತುಂಡು ಕಳಚಿ ಬಿದ್ದಾಗ ಕೊಯ್ತ ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ.

ಹ್ಯಾಂಡಲ್ ಕೂರಿಸಿದ ಮೇಲೂ ಎರಡು ಬೆರಳಿನಷ್ಟು ಕೊಳವೆ ಅದರ ಮೇಲಕ್ಕೆ ಉಳಿಯಿತು. ಅವ್ವ ಅದಕ್ಕೆ ಬಳೆಯಂಥ ಮೂರು ರಿಂಗು ತೊಡಿಸಿ ಮುಚ್ಚಳ ಬಿಗಿದಳು.

“ಇನ್ನೂ ಉದ್ದ ಅದಲ್ಲ, ಚಂದ ಕಾಣವಲ್ದು. ಪೂರಾ ಕೊಯ್ದುಬಿಡು,” ಅಂದ ಅಪ್ಪ.

“ಕೊಯ್ದಿದ್ದು ಮತ್ತ ಬೆಳೆಯೂದಿಲ್ರಿ,” ಅಂದಳು ಅವ್ವ, ಸೆರಗಿನಿಂದ ರಿಂಗು ಒರೆಸುತ್ತ. “ಹುಡುಗಿ ಬೆಳಿತಾಳ. ಆಕಿ ಎತ್ತರಾದಂಗ ಒಂದೊಂದ ರಿಂಗ್ ಕೆಳಗ ಹಾಕಿ ಹ್ಯಾಂಡಲ್ ಏರಿಸೂದು.”

ನಾನು ಆಗ ಅವಳ ಭುಜಕ್ಕೆ ಬರುತ್ತಿದ್ದೆ. ಮೂರನೆಯ ರಿಂಗು ಕೆಳಗಿಳಿದ ವರ್ಷ ಅವ್ವ ನನ್ನ ಮುಖ ನೋಡಲು ತಲೆ ಎತ್ತಬೇಕಾಯಿತು.