ಒದೆಯದ ಕೋವಿ

ಮುದ್ದಯ್ಯ ಹೆಂಡತಿಗೆಂದು ಹಳೆಯ, ಹಗುರವಾದ ಕೋವಿಯೊಂದನ್ನು ತಂದ. ಒಂಟಿನಳಿಗೆಯದು ಇನ್ನೂ ಅಗ್ಗಕ್ಕಿತ್ತು. ಅವನು ಜೋಡುನಳಿಗೆಯದನ್ನೇ ಆರಿಸಿದ್ದ. ಹೆಗಲಿಗೆ ತಾಗುವ ಕಡೆ ಹಳೆಯ ಚಪ್ಪಲಿಯ ರಬ್ಬರನ್ನು ಕೆಮ್ಮುತ್ತ ಕೆಮ್ಮುತ್ತಲೇ ಕೂರಿಸಿದ.

"ನನ್ನ ಹೆಗಲಿಗೆ ಒದೀತದೆ ಇದು," ಎಂದಳು ಚೋಂದಮ್ಮ.

"ಒದೆಯೋದಿಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ನೀನೂ ತೆಂಗಿನಕಾಯಿಗೆ ಗುರಿ ಹಿಡಿ. ಒಂದು ಹೊಡೆದ ಮೇಲೆ ತಡ ಮಾಡದೆ ಇನ್ನೊಂದು ಹೊಡೀಬೇಕು."

"ಒಂದು ಕಾಯಿಗೆ ಎರಡು ಗುಂಡು ಯಾಕೆ?"

ಅವನು ರಬ್ಬರನ್ನು ಮತ್ತೊಮ್ಮೆ ಒತ್ತಿ ನೋಡಿದ.

ಹಬ್ಬಕ್ಕೆ ಎಂಟು ದಿನವಿರುವಾಗ ಅವನ ಉಸಿರು ನಿಂತಿತು. ಕೊಡಗಿನಲ್ಲಿ ಸಾವನ್ನು ಊರಿಗೆ ತಿಳಿಸಲು ಆಕಾಶಕ್ಕೆ ಎರಡು ಗುಂಡು ಹಾರಿಸುತ್ತಾರೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಚೋಂದಮ್ಮ ಅಂಗಳಕ್ಕಿಳಿದು ಒಂದು ಹೊಡೆದಳು. ಕೋವಿ ಒದೆಯಲಿಲ್ಲ. ತಡ ಮಾಡದೆ ಇನ್ನೊಂದು ಹೊಡೆದಳು.